ಡಬ್ಬಿಗೂ ಒಂದು ಬೋರ್ಡ್ ಹಾಕಿಸಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಹಳೇ ಟಿವಿಗಳ ಬಗ್ಗೆ ಒಂದು ಬರಹ ಬಂದಿತ್ತು. ಹಿಂದೆ ಗೂನು ಇರುವ ದಪ್ಪ ಟಿವಿಯನ್ನು ಇನ್ನೂ ಮನೆಯಲ್ಲಿ ಇಟ್ಟುಕೊಂಡಿರುವವರು ಅದನ್ನು ಸಾಗಹಾಕಿ, ಅದಕ್ಕೆ ಈಗಿನ ಯಾವ ಸಾಮಾನೂ ಸೇರುವುದಿಲ್ಲ ಅಂತ ಬರೆದಿದ್ದರು. ಸೇರುತ್ತದೆ ಸ್ವಾಮಿ. ನಾನು ಸೇರಿಸಿ ನೋಡಿದ್ದೇನೆ. ಅದಕ್ಕೆ ನಾಲ್ಕು ದಿನ, ಮೂರು ಅಂಗಡಿ, 1,200 ರೂಪಾಯಿ ಹಿಡಿಯಿತು ಅನ್ನುವುದು ಬೇರೆ ಮಾತು. ಆ ಬೇರೆ ಮಾತನ್ನೇ ಬರೆಯೋಣ ಅಂತ ಕೂತಿದ್ದೇನೆ.

ನಾನು ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂಡ್ಯ–ಮೈಸೂರು ರೂಟಿನಲ್ಲೇ ಕಳೆಯಿತು. ಈಗ ಮಂಡ್ಯದ ಕಲ್ಲಹಳ್ಳಿಯಲ್ಲಿ ನಾನು, ನಮ್ಮ ಮನೆಯವಳು ಇಬ್ಬರೇ. ಮಗ ಬೆಂಗಳೂರಿನಲ್ಲಿದ್ದಾನೆ. ನಮ್ಮ ಟಿವಿ 21 ಇಂಚಿನ ಬಿಪಿಎಲ್. 1996ರ ವಿಶ್ವಕಪ್‌ಗೆ ಮುಂಚೆ ಸೊಸೈಟಿಯಲ್ಲಿ ಸಾಲ ಎತ್ತಿ ತಂದದ್ದು. ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನದ ಜೊತೆ ಕ್ವಾರ್ಟರ್ ಫೈನಲ್ ನಡೆಯಿತಲ್ಲ, ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲನ ಸ್ಟಂಪ್ ಎಗರಿಸಿದ್ದನ್ನು ನಮ್ಮ ಬೀದಿಯ ಇಪ್ಪತ್ತು ಜನ ಈ ಟಿವಿ ಮುಂದೆ ಕೂತು ನೋಡಿದ್ದರಂತೆ. ನಾನು ನೋಡಲಿಲ್ಲ. ಡ್ಯೂಟಿಯಲ್ಲಿದ್ದೆ. ಸಾಲ ಕಟ್ಟಿದವನು ನಾನು, ಶ್ರೀರಂಗಪಟ್ಟಣದ ಬಸ್‌ ಸ್ಟ್ಯಾಂಡಿನಲ್ಲಿ ಯಾರದ್ದೋ ಟ್ರಾನ್ಸಿಸ್ಟರಿಗೆ ಕಿವಿ ಕೊಟ್ಟು ನಿಂತಿದ್ದೆ.

ಆ ಟಿವಿ ಇವತ್ತಿಗೂ ಕೆಟ್ಟಿಲ್ಲ. ಒಂದು ಸಲ ಸ್ವಿಚ್ ಬದಲಾಯಿಸಿದ್ದು ಬಿಟ್ಟರೆ ಅದಕ್ಕೆ ಖರ್ಚಿಲ್ಲ. ಸೆಟ್‌ಟಾಪ್ ಬಾಕ್ಸ್ ಸೇರಿಸಿದ್ದೇವೆ, ಚಿತ್ರ ಚೆನ್ನಾಗಿ ಬರುತ್ತದೆ. ಕೆಡದೆ ಇರುವುದನ್ನು ಯಾಕೆ ಎಸೆಯಬೇಕು?

ದಸರಾ ರಜೆಗೆ ಮೊಮ್ಮಗ ಬಂದ. ಎಂಟನೇ ಕ್ಲಾಸು. ಬರುವಾಗ ಬಟ್ಟೆ ಬ್ಯಾಗು ಚಿಕ್ಕದು, ಇನ್ನೊಂದು ಬ್ಯಾಗು ದೊಡ್ಡದು. ದೊಡ್ಡ ಬ್ಯಾಗಿನಲ್ಲಿ ಟವೆಲ್ ಸುತ್ತಿಟ್ಟ ಒಂದು ಕಪ್ಪು ಪೆಟ್ಟಿಗೆ. ಟಿವಿಗೆ ಸೇರಿಸಿ ಗೇಮ್ ಆಡುವ ಪ್ಲೇಸ್ಟೇಷನ್ 4 ಅಂತೆ, ಗೆಳೆಯನ ಅಣ್ಣನಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದಂತೆ. ಒಳಗೆ ಬಂದವನೇ ಟಿವಿ ಹಿಂದೆ ಬಗ್ಗಿ ನೋಡಿ, "ತಾತ, ಇದರಲ್ಲಿ ಎಚ್‌ಡಿಎಂಐ ಇಲ್ವಾ?" ಅಂದ. ಮನೆಯಲ್ಲಿ ಕುಡಿಯುವ ನೀರೇ ಇಲ್ವಾ ಅಂತ ಕೇಳಿದ ಹಾಗಿತ್ತು ಅವನ ಮುಖ.

ಅವನ ಅಪ್ಪ ಇದೇ ಟಿವಿಯಲ್ಲಿ ವಿಡಿಯೋ ಗೇಮ್ ಆಡಿ ಬೆಳೆದವನು. ಕ್ಯಾಸೆಟ್ ಹಾಕುವ ಗೇಮು, ಮೇಲೆ 9999 ಆಟ ಅಂತ ಬರೆದಿರುತ್ತಿತ್ತು, ಒಳಗೆ ನೋಡಿದರೆ ಹತ್ತೋ ಹನ್ನೆರಡೋ ಆಟ ತಿರುಗಿ ತಿರುಗಿ ಬರುತ್ತಿದ್ದವು. ಅದನ್ನು ಸೇರಿಸಲು ಆಂಟೆನಾ ವೈರ್ ಕಿತ್ತು ಗೇಮಿನ ವೈರ್ ಚುಚ್ಚುತ್ತಿದ್ದ. ಆಮೇಲೆ ಚಾನೆಲ್ ತಿರುಗಿಸುತ್ತಾ ಹೋದರೆ ಒಂದು ಕಡೆ ಮಾರಿಯೋ ಸಿಕ್ಕುತ್ತಿದ್ದ. ಎರಡು ನಿಮಿಷದ ಕೆಲಸ. ಆ ಧೈರ್ಯದಲ್ಲೇ ನಾನು ಮೊಮ್ಮಗನಿಗೆ, "ಬಾರೋ, ಒಂದು ವೈರ್ ತಂದರೆ ಆಯ್ತು" ಅಂದೆ.

ನಮ್ಮ ಟಿವಿಯ ಬೆನ್ನಲ್ಲಿ ಎರಡು ಗುಂಡು ತೂತು ಇವೆ. ಹಳದಿಯದು ಚಿತ್ರಕ್ಕೆ, ಬಿಳಿಯದು ಶಬ್ದಕ್ಕೆ. ಅವನ ಪೆಟ್ಟಿಗೆಯಲ್ಲಿ ಚಿತ್ರ ಹೊರಗೆ ಬರುವುದು ಒಂದೇ ಚಪ್ಪಟೆ ತೂತಿನಿಂದ, ಅದೇ ಎಚ್‌ಡಿಎಂಐ. ಇದಕ್ಕೆ ಮುಂಚಿನ ಪ್ಲೇಸ್ಟೇಷನ್ 3ರಲ್ಲಿ, ಅಂದರೆ 2006ರಲ್ಲಿ ಬಂದದ್ದರಲ್ಲಿ, ಹಳೇ ಟಿವಿಗೆ ಬೇರೆ ತೂತು, ಹೊಸ ಟಿವಿಗೆ ಬೇರೆ ತೂತು ಎರಡೂ ಇದ್ದವು. 2013ರ ಪ್ಲೇಸ್ಟೇಷನ್ 4ರಿಂದ ಎಚ್‌ಡಿಎಂಐ ಮಾತ್ರ. ಅದನ್ನು ತಪ್ಪು ಅನ್ನುವುದಿಲ್ಲ. ಅಷ್ಟು ಹೊತ್ತಿಗೆ ಬಹಳ ಜನರ ಮನೆಗೆ ಗೋಡೆಗೆ ನೇತುಹಾಕುವ ಟಿವಿ ಬಂದಾಗಿತ್ತು. ನಮ್ಮಂಥ ಕೆಲವರು ಉಳಿದುಕೊಂಡೆವು, ಅಷ್ಟೇ.

ಮೊದಲನೇ ಅಂಗಡಿ. ಹೆಸರು ಬೇಡ. ಒಂದು ಕಡೆ ಚಪ್ಪಟೆ, ಒಂದು ಕಡೆ ಮೂರು ಬಣ್ಣದ ವೈರ್ ಬೇಕು ಅಂದೆ. ಹುಡುಗ ಮೊಬೈಲಿನಿಂದ ತಲೆ ಎತ್ತದೆ ಹಿಂದೆ ಕೈ ಹಾಕಿ ಒಂದು ಪ್ಯಾಕೆಟ್ ಎಳೆದು ಕೊಟ್ಟ. ನಾನು ಕೇಳಿದ ಹಾಗೇ ಇತ್ತು. ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು. 180 ರೂಪಾಯಿ. ಮನೆಗೆ ತಂದು ಚುಚ್ಚಿದರೆ ಬರೀ ನೀಲಿ ಪರದೆ. ಹಿಂದೆ ಮುಂದೆ ಮಾಡಿದೆವು, ತೆಗೆದು ಒರೆಸಿ ಹಾಕಿದೆವು, ನೀಲಿ ಹೋಗಲಿಲ್ಲ. ವಾಪಸ್ ತೆಗೆದುಕೊಂಡು ಹೋದರೆ ಅದೇ ಹುಡುಗ ಗೋಡೆಯ ಕಡೆ ಬೆರಳು ತೋರಿಸಿದ. ಮಾರಿದ ಸಾಮಾನು ವಾಪಸ್ ಪಡೆಯುವುದಿಲ್ಲ ಅಂತ ಬೋರ್ಡು. ಅದು ಮಾತ್ರ ಒಳ್ಳೇ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇತ್ತು ನೋಡಿ.

ಎರಡನೇ ಅಂಗಡಿಯವರು ಸ್ವಲ್ಪ ತಿಳಿದವರಂತೆ ಕಂಡರು. ವೈರ್ ಸಾಲಲ್ಲ, ಕನ್ವರ್ಟರ್ ಬೇಕು ಅಂದರು. ಅದು ನಿಜವೇ. ಕಡ್ಡಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ ಕೊಟ್ಟರು, 450 ರೂಪಾಯಿ. ಒಂದು ಬದಿಯಲ್ಲಿ ಚಪ್ಪಟೆ ತೂತು, ಇನ್ನೊಂದು ಬದಿಯಲ್ಲಿ ಮೂರು ಬಣ್ಣದ ತೂತು. ಜೊತೆಗೆ ಕರೆಂಟಿಗೆ ಒಂದು ಸಣ್ಣ ವೈರ್. ಮನೆಗೆ ತಂದು ಸೇರಿಸಿದೆವು. ಡಬ್ಬಿಯಲ್ಲಿ ಕೆಂಪು ದೀಪ ಹತ್ತಿತು. ಮೊಮ್ಮಗ ಕುಣಿದ. ಟಿವಿಯಲ್ಲಿ ಮಾತ್ರ ಅದೇ ನೀಲಿ.

ಆ ಹೊತ್ತಿಗೆ ರಾತ್ರಿ ಎಂಟು ಗಂಟೆ. ಸೆಟ್‌ಟಾಪ್ ಬಾಕ್ಸಿನ ವೈರ್ ಕಿತ್ತು ನಮ್ಮದನ್ನು ಚುಚ್ಚಿದ್ದೆವಲ್ಲ, ನಮ್ಮ ಮನೆಯವಳ ಧಾರಾವಾಹಿ ಹೋಯಿತು. "ಇರೋದನ್ನೂ ಕೆಡಿಸಿ ಕೂತ್ಕೊಳ್ರಿ ತಾತ ಮೊಮ್ಮಗ" ಅಂತ ಅಡುಗೆಮನೆಗೆ ಎದ್ದುಹೋದಳು. ಅವತ್ತು ಸಾರಿಗೆ ಉಪ್ಪು ಜಾಸ್ತಿ. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಮಾರನೇ ದಿನ ಪೇಟೆ ಬೀದಿಯ ಕಡೆ ಒಂದು ಹಳೇ ರಿಪೇರಿ ಅಂಗಡಿಗೆ ಹೋದೆ. ಅವರನ್ನು ಎಲ್ಲರೂ ರೇಡಿಯೋ ಮೇಷ್ಟ್ರು ಅಂತಲೇ ಕರೆಯುವುದು. ಪಾಠ ಹೇಳಿದ ಮೇಷ್ಟ್ರಲ್ಲ, ಏನು ಕೇಳಿದರೂ ಬಿಡಿಸಿ ಹೇಳುವುದರಿಂದ ಬಂದ ಹೆಸರು. ಈಗ ಅವರಿಗೂ ಕೆಲಸ ಕಡಿಮೆ. ಮಿಕ್ಸಿ, ಫ್ಯಾನು ಬರುತ್ತವೆ. ನನ್ನ ಚೀಲದಿಂದ ಎರಡೂ ಸಾಮಾನು ತೆಗೆದು ಮೇಜಿನ ಮೇಲಿಟ್ಟೆ. ನೋಡಿ ನಕ್ಕರು.

"ಸೆಟ್‌ಟಾಪ್ ಬಾಕ್ಸಿಂದ ಚಿತ್ರ ಬರ್ತಾ ಇದೆ ತಾನೆ ಕಂಡಕ್ಟ್ರೇ?" ಅಂದರು. ಬರುತ್ತೆ ಅಂದೆ. "ಹಾಗಾದ್ರೆ ಟಿವಿದೇನೂ ತಪ್ಪಿಲ್ಲ. ಆ ತೂತು ಚೆನ್ನಾಗಿವೆ." ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲ.

ಆಮೇಲೆ ಮೊದಲನೇ ವೈರನ್ನು ಕೈಗೆತ್ತಿಕೊಂಡರು. "ಹೇಗಿದ್ರೂ ದಂಡವೇ, ಕುಯ್ಯಲಾ?" ಅಂದರು. ಕುಯ್ಯಿರಿ ಅಂದೆ. ಎಚ್‌ಡಿಎಂಐ ತುದಿಯ ರಬ್ಬರನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಬೆರಳಿನಿಂದ ಅಗಲಿಸಿ, ದೀಪದ ಕೆಳಗೆ ಹಿಡಿದರು. ಅಲ್ಲಿ 19 ಪಿನ್ನು. ಅದರಲ್ಲಿ ಮೂರಕ್ಕೋ ನಾಲ್ಕಕ್ಕೋ ಮಾತ್ರ ಕೂದಲಿನಂಥ ವೈರ್ ಬೆಸುಗೆ ಹಾಕಿತ್ತು. ಮಿಕ್ಕವು ಖಾಲಿ. ಬೇರೆ ಏನೂ ಇಲ್ಲ. ಎಲೆಕ್ಟ್ರಾನಿಕ್ ಚಿಪ್ಪಿಲ್ಲ, ಏನಿಲ್ಲ.

ಅವರು ಹೇಳಿದ್ದು ಇಷ್ಟು. ಎಚ್‌ಡಿಎಂಐಯಲ್ಲಿ ಚಿತ್ರ ಹೋಗುವುದು ಲೆಕ್ಕದ ರೂಪದಲ್ಲಿ, ಬರೀ ಸೊನ್ನೆ ಮತ್ತು ಒಂದು. ಹಳದಿ ವೈರಿನಲ್ಲಿ ಹೋಗುವುದು ಅಲೆ, ಏರುತ್ತಾ ಇಳಿಯುತ್ತಾ ಹೋಗುವ ಕರೆಂಟು. ಲೆಕ್ಕವನ್ನು ಅಲೆ ಮಾಡಲು ನಡುವೆ ಯಾರಾದರೂ ಕೂತು ಕೆಲಸ ಮಾಡಬೇಕು. ಆ ಕೆಲಸ ಚಿಪ್ಪಿನದು, ಚಿಪ್ಪಿಗೆ ಕರೆಂಟ್ ಬೇಕು. ಕರೆಂಟಿಗೆ ಬಾಲ ಇಲ್ಲದ, ಬರೀ ಆ ತುದಿಯಿಂದ ಈ ತುದಿಗೆ ಎಳೆದ ವೈರ್ ಕಂಡರೆ ದುಡ್ಡು ಕೊಡಬೇಡಿ ಅಂದರು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಅದು ಎಂಜಿನ್ ಇಲ್ಲದ ಬಸ್ಸು. ಸೀಟು, ಕಿಟಕಿ, ಬಣ್ಣ ಎಲ್ಲಾ ಇದೆ. 180 ರೂಪಾಯಿ ಟಿಕೆಟ್ ತಗೊಂಡು ನಾನು ಅದರಲ್ಲಿ ಕೂತಿದ್ದೆ.

ಸರಿ, ಡಬ್ಬಿಯಲ್ಲಿ ಚಿಪ್ಪಿತ್ತು, ಬಾಲವೂ ಇತ್ತು. ಅದೇಕೆ ಓಡಲಿಲ್ಲ? ಸಂಪಾದಕರೇ, ಪತ್ರ ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ. ಇಲ್ಲಿಂದ ಮುಂದಿನ ಎರಡು ಪ್ಯಾರಾ ಮಾತ್ರ ಬಿಡಬೇಡಿ.

ರೇಡಿಯೋ ಮೇಷ್ಟ್ರು ತಮ್ಮ ಡ್ರಾಯರಿನಿಂದ ಇನ್ನೊಂದು ಡಬ್ಬಿ ತೆಗೆದು ನನ್ನ ಡಬ್ಬಿಯ ಪಕ್ಕ ಇಟ್ಟರು. ಅವಳಿ ಜವಳಿ. ಅದೇ ಕಪ್ಪು, ಅದೇ ಅಳತೆ, ಅದೇ ಚಪ್ಪಟೆ ತೂತು, ಅದೇ ಮೂರು ಬಣ್ಣ. "ವ್ಯತ್ಯಾಸ ಹೇಳಿ ನೋಡೋಣ" ಅಂದರು. ಕನ್ನಡಕ ಹಾಕಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಮೇಲೆ ಇಂಗ್ಲಿಷಿನಲ್ಲಿ ಒಂದರ ಮೇಲೆ ಎಚ್‌ಡಿಎಂಐ2ಎವಿ ಅಂತ ಇತ್ತು, ನನ್ನದರ ಮೇಲೆ ಎವಿ2ಎಚ್‌ಡಿಎಂಐ ಅಂತ. ಎವಿ ಅಂದರೆ ಆ ಮೂರು ಬಣ್ಣದ ತೂತು. ನಡುವಿನ 2 ಅನ್ನು ನಾನು ಎರಡು ಅಂತಲೇ ಓದಿಕೊಂಡಿದ್ದೆ. ಎರಡು ತರಹದ ತೂತು ಇದೆಯಲ್ಲ, ಅದಕ್ಕೆ ಎರಡು ಅಂತ ಹಾಕಿದ್ದಾರೆ ಅಂದುಕೊಂಡಿದ್ದೆ. ಅದು ಎರಡಲ್ಲವಂತೆ. 'ಟು' ಅಂತೆ. ಇಂಥದ್ದರಿಂದ ಇಂಥದ್ದಕ್ಕೆ ಅನ್ನುವುದಕ್ಕೆ ಆ ಅಂಕಿ. ನನ್ನದು ಹಳೇ ಸಾಮಾನಿನ ಚಿತ್ರವನ್ನು ಹೊಸ ಟಿವಿಗೆ ಕಳಿಸುವ ಡಬ್ಬಿ. ನನಗೆ ಬೇಕಿದ್ದದ್ದು ಹೊಸ ಸಾಮಾನಿನ ಚಿತ್ರವನ್ನು ಹಳೇ ಟಿವಿಗೆ ತರುವ ಡಬ್ಬಿ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಒಂದು ಬದಿ ಒಳಗೆ ಬರುವ ಬಾಗಿಲು, ಇನ್ನೊಂದು ಬದಿ ಹೊರಗೆ ಹೋಗುವ ಬಾಗಿಲು. ನಾವು ಹೊರಗೆ ಹೋಗುವ ಬಾಗಿಲಿನಿಂದ ಹತ್ತಲು ನೋಡುತ್ತಿದ್ದೆವು.

31 ವರ್ಷ ನಾನು ಮಾಡಿದ್ದು ಇದೇ ಕೆಲಸ. ಮೈಸೂರಿಗೆ ಹೋಗುವ ಬಸ್ಸು, ಮೈಸೂರಿನಿಂದ ಬರುವ ಬಸ್ಸು ಎರಡೂ ಒಂದೇ ಬಣ್ಣ, ಒಂದೇ ಅಳತೆ. ಶ್ರೀರಂಗಪಟ್ಟಣದಲ್ಲಿ ನಿಂತ ಅಜ್ಜಿಗೆ ಯಾವುದು ಯಾವ ಕಡೆಗೆ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೆ ಮುಂದೆ ಬೋರ್ಡು, ಕನ್ನಡದಲ್ಲಿ. ಬೋರ್ಡು ಓದಲು ಬಾರದವರಿಗೆ ನಾವು ಫುಟ್‌ಬೋರ್ಡಿನಲ್ಲಿ ನಿಂತು "ಮೈಸೂರ್, ಮೈಸೂರ್, ಮೈಸೂರ್" ಅಂತ ಕೂಗುತ್ತಿದ್ದೆವು. ಟ್ರಿಪ್ ಮುಗಿದ ಕೂಡಲೇ ಬೋರ್ಡ್ ತಿರುಗಿಸುವುದು ಕಂಡಕ್ಟರನ ಕೆಲಸ. ಒಂದು ಸಲ ಮರೆತಿದ್ದೆ. ಗಣಂಗೂರಿನಲ್ಲಿ ಒಬ್ಬರು ಮೈಸೂರಿಗೆ ಅಂತ ಹತ್ತಿ, ತೂಬಿನಕೆರೆ ಬಂದಾಗ ಗೊತ್ತಾಗಿ, ಬೈದ ಬೈಗುಳ ಇವತ್ತಿಗೂ ಕಿವಿಯಲ್ಲಿದೆ. ತಪ್ಪು ನನ್ನದೇ. ಅವರ ಟಿಕೆಟ್ಟಿನ ದುಡ್ಡು ನನ್ನ ಜೇಬಿನಿಂದ ಕೊಟ್ಟು ಎದುರು ಬಸ್ಸಿಗೆ ಹತ್ತಿಸಿದೆ. ಕನ್ನಡದಲ್ಲಿ 'ಇಂದ' ಇದೆ, 'ಗೆ' ಇದೆ. ಎಚ್‌ಡಿಎಂಐಯಿಂದ ಎವಿಗೆ ಅಂತ ಒಂದು ಸಾಲು ಬರೆದರೆ ನನ್ನಂಥವನೂ ಓದಿ ತಿಳಿಯುತ್ತಾನೆ. 2 ಅಂತ ಹಾಕಿದರೆ ಯಾರಿಗೆ ತಿಳಿಯುತ್ತದೆ?

ಸರಿಯಾದ ಡಬ್ಬಿಗೆ ಮೇಷ್ಟ್ರು 550 ರೂಪಾಯಿ ತಗೊಂಡರು, ಚೀಟಿ ಬರೆದು ಕೊಟ್ಟರು. ನಮ್ಮ ಟಿವಿಯಲ್ಲಿ ಶಬ್ದಕ್ಕೆ ಒಂದೇ ತೂತು ಇರುವುದರಿಂದ ಬಿಳಿ, ಕೆಂಪು ಎರಡನ್ನೂ ಸೇರಿಸುವ ಒಂದು ಸಣ್ಣ ಪಿನ್ನು ಕೊಟ್ಟರು, ಅದಕ್ಕೆ 20. ಬರೀ ಬಿಳಿಯನ್ನು ಚುಚ್ಚಿದರೆ ಎಡಗಡೆಯ ಶಬ್ದ ಮಾತ್ರ ಬರುತ್ತದಂತೆ. ನಿಮ್ಮ ಟಿವಿ ಇನ್ನೂ ಹಳೆಯದಾಗಿ, ಹಿಂದೆ ಆಂಟೆನಾ ತೂತು ಒಂದೇ ಇದ್ದರೆ, ಈ ಡಬ್ಬಿಯಾದ ಮೇಲೆ, ಚಿತ್ರವನ್ನು ಆಂಟೆನಾ ತೂತಿಗೆ ಹೊಂದಿಸಲು ಆರ್‌ಎಫ್ ಮಾಡ್ಯುಲೇಟರ್ ಅಂತ ಇನ್ನೊಂದು ಡಬ್ಬಿ ಬೇಕು. ಅದರ ಗೊಡವೆಗೆ ನಾನು ಹೋಗಲಿಲ್ಲ.

ಕತೆ ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಸೇರಿಸಿದರೆ ಈ ಸಲ ನೀಲಿ ಹೋಗಿ ಕಪ್ಪು ಬಂತು. ಮೊಮ್ಮಗ ಬೆಂಗಳೂರಿಗೆ ಫೋನ್ ಮಾಡಿ ಗೆಳೆಯನ ಅಣ್ಣನನ್ನು ಕೇಳಿದ. ಪೆಟ್ಟಿಗೆಯ ಒಳಗಿಂದ ಬರುವ ಚಿತ್ರಕ್ಕೆ ಎಚ್‌ಡಿಸಿಪಿ ಅಂತ ಒಂದು ಬೀಗ ಇರುತ್ತದಂತೆ, ಯಾರೂ ನಕಲು ಮಾಡಬಾರದು ಅಂತ. ಕೆಲವು ಅಗ್ಗದ ಡಬ್ಬಿಗಳಿಗೆ ಆ ಬೀಗ ತೆಗೆಯಲು ಬರುವುದಿಲ್ಲ. ಪ್ಲೇಸ್ಟೇಷನ್ನಿನ ಸೆಟ್ಟಿಂಗ್ಸ್‌ನಲ್ಲಿ, ಸಿಸ್ಟಂ ಅನ್ನುವ ಕಡೆ ಹೋಗಿ ಅದನ್ನು ಆಫ್ ಮಾಡಬಹುದು. ಆದರೆ ಸೆಟ್ಟಿಂಗ್ಸ್ ನೋಡಬೇಕಾದರೆ ಚಿತ್ರ ಬರಬೇಕಲ್ಲ! ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗಾಯ್ತು.

ಪಕ್ಕದ ಮನೆಯಲ್ಲಿ ಎಲ್‌ಇಡಿ ಟಿವಿ ಇದೆ. ಪೆಟ್ಟಿಗೆ ಎತ್ತಿಕೊಂಡು ಅಲ್ಲಿಗೆ ಹೋದೆವು. ಅವರು ಕಾಫಿ ಕೊಟ್ಟರು, ಮೊಮ್ಮಗ ಬೀಗ ತೆಗೆದ, ಚಿತ್ರದ ಅಳತೆಯನ್ನು 720 ಗೆರೆಗೆ ಇಳಿಸಿದ. ಆ ಬೀಗ ತೆಗೆದಿರುವಷ್ಟು ದಿನ ಪೆಟ್ಟಿಗೆಯಲ್ಲಿ ಸಿನಿಮಾ ತೋರಿಸುವ ಕೆಲವು ಆ್ಯಪ್ ತೆರೆಯುವುದಿಲ್ಲವಂತೆ. ಆಟಕ್ಕೆ ತೊಂದರೆ ಇಲ್ಲ. ವಾಪಸ್ ಬಂದು ಸೇರಿಸಿದರೆ ಚಿತ್ರ ಬಂತು. ಕಪ್ಪು ಬಿಳುಪಿನಲ್ಲಿ. ಅದೂ ಮೇಲಿಂದ ಕೆಳಗೆ ಉರುಳುತ್ತಾ. ನನಗೆ ಒಂದು ಕ್ಷಣ ಹಳೇ ದೂರದರ್ಶನದ ನೆನಪಾಯ್ತು, ಮಾಳಿಗೆ ಹತ್ತಿ ಆಂಟೆನಾ ತಿರುಗಿಸಲು ಕೈ ತುರಿಸಿತು.

ಇದಕ್ಕೆ ಮದ್ದು ಡಬ್ಬಿಯ ಪಕ್ಕದಲ್ಲೇ ಇತ್ತು. ಉಗುರಿನಲ್ಲಿ ಜರುಗಿಸುವಷ್ಟು ಸಣ್ಣ ಸ್ವಿಚ್ಚು. ಒಂದು ಕಡೆ ಪಾಲ್, ಇನ್ನೊಂದು ಕಡೆ ಎನ್‌ಟಿಎಸ್‌ಸಿ. ಎನ್‌ಟಿಎಸ್‌ಸಿ ಅಮೆರಿಕ, ಜಪಾನ್ ಕಡೆಯ ಪದ್ಧತಿ, ಚಿತ್ರಕ್ಕೆ 525 ಗೆರೆ. ನಮ್ಮ ದೇಶದ್ದು ಪಾಲ್, 625 ಗೆರೆ. ನಮ್ಮ ಟಿವಿ ಪಾಲ್ ಬಿಟ್ಟು ಬೇರೆ ಕಂಡಿಲ್ಲ. ಸ್ವಿಚ್ಚನ್ನು ಈ ಕಡೆ ತಳ್ಳಿದ್ದೇ ತಡ, ಉರುಳುವುದು ನಿಂತು ಬಣ್ಣ ಬಂತು. ಹಸಿರು ಮೈದಾನ, ಕೆಂಪು ಅಂಗಿಯ ಹುಡುಗರು. ನಮ್ಮ ಮನೆಯವಳೂ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನೋಡಿದಳು. "ಅಯ್ಯೋ, ಎಲ್ರೂ ಯಾಕೆ ಇಷ್ಟು ಉದ್ದ ಆಗ್ಬಿಟ್ಟವ್ರೆ?" ಅಂದಳು.

ಹೌದು, ಆಟಗಾರರೆಲ್ಲ ನುಗ್ಗೆಕಾಯಿ ಆಗಿದ್ದರು. ಚೆಂಡು ಕೋಳಿಮೊಟ್ಟೆ. ಹೊಸ ಟಿವಿಯ ಪರದೆ 16ಕ್ಕೆ 9ರ ಅಳತೆ, ಅಗಲ ಜಾಸ್ತಿ. ನಮ್ಮದು 4ಕ್ಕೆ 3. ಅಗಲದ ಚಿತ್ರವನ್ನು ಡಬ್ಬಿ ಎರಡು ಕಡೆಯಿಂದಲೂ ಒತ್ತಿ ಕೂರಿಸುತ್ತದೆ. ಬೆಳಗಿನ ಮೊದಲ ಬಸ್ಸಿನಲ್ಲಿ ಮೂರು ಜನದ ಸೀಟಿಗೆ ನಾಲ್ಕು ಜನ ಕೂತ ಹಾಗೆ. ಜೊತೆಗೆ ಹಳೇ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತವೆ. ಮೂಲೆಯಲ್ಲಿ ಬರುವ ಗೋಲಿನ ಲೆಕ್ಕ ಅರ್ಧ ಕಾಣುತ್ತಿರಲಿಲ್ಲ. ಪ್ಲೇಸ್ಟೇಷನ್ನಿನಲ್ಲೇ ಚಿತ್ರವನ್ನು ಒಳಕ್ಕೆ ಕುಗ್ಗಿಸುವ ಸೆಟ್ಟಿಂಗ್ ಇದೆ, ಅದರಿಂದ ಅಂಚು ಸರಿಹೋಯಿತು. ನುಗ್ಗೆಕಾಯಿ ಸರಿಹೋಗಲಿಲ್ಲ.

ಅಕ್ಷರದ ಕತೆಯನ್ನು ಮುಚ್ಚಿಡುವುದಿಲ್ಲ. ಈ ಆಟಗಳನ್ನು ಮಾಡಿರುವುದು 1080 ಗೆರೆಯ ಪರದೆಗೆ. ನಮ್ಮ ಟಿವಿಯ 625ರಲ್ಲಿ ಕಣ್ಣಿಗೆ ಬೀಳುವುದು 576 ಮಾತ್ರ. ಸಣ್ಣ ಅಕ್ಷರವೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ. ಓಡುವುದು, ಒದೆಯುವುದು, ಕಾರು ಬಿಡುವುದು ಇಂಥ ಆಟ ಸರಾಗ. ಓದಿ ಓದಿ ಮುಂದೆ ಹೋಗಬೇಕಾದ ಆಟ ಆಗುವುದಿಲ್ಲ. ಇನ್ನೊಂದು, ಮೊಮ್ಮಗ "ತಾತ, ಒತ್ತಿದ ಮೇಲೆ ಸ್ವಲ್ಪ ಲೇಟಾಗಿ ಒದೀತಾನೆ" ಅಂತ ದೂರಿದ. ನಾನು ಟಿವಿಗೆ ವಯಸ್ಸಾಯ್ತು ಅಂದುಕೊಂಡೆ. ಮೇಷ್ಟ್ರನ್ನು ಕೇಳಿದರೆ ತಿರುಗಾಮುರುಗಾ ಹೇಳಿದರು. ನಮ್ಮದರಂಥ ಹಳೇ ಗಾಜಿನ ಕೊಳವೆಯ ಟಿವಿ ತಡ ಮಾಡುವುದೇ ಇಲ್ಲ, ಬಂದದ್ದನ್ನು ಬಂದ ಹಾಗೇ ತೋರಿಸುತ್ತದೆ. ತಡ ಮಾಡುವುದು ನಡುವಿನ ಡಬ್ಬಿ. ಪೆಟ್ಟಿಗೆ ಸೆಕೆಂಡಿಗೆ 60 ಚಿತ್ರ ಕಳಿಸುತ್ತದೆ, ಪಾಲ್ ಟಿವಿ 50ರ ಲೆಕ್ಕದಲ್ಲಿ ನಡೆಯುತ್ತದೆ. ಡಬ್ಬಿ ಒಂದಿಷ್ಟು ಬಿಟ್ಟು, ಒಂದಿಷ್ಟು ಕುಗ್ಗಿಸಿ ಹೊಂದಿಸಬೇಕು. ನಾನು ವಿಷಲ್ ಊದಿದ ಮೇಲೆ ಡ್ರೈವರ್ ಬ್ರೇಕಿಗೆ ಕಾಲಿಡುವುದರೊಳಗೆ ಬಸ್ಸು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿತ್ತಲ್ಲ, ಅಂಥದ್ದೇ. ಎರಡು ದಿನದಲ್ಲಿ ಹುಡುಗನಿಗೆ ಅಭ್ಯಾಸವಾಯಿತು. ಸ್ವಲ್ಪ ಮುಂಚೆಯೇ ಒತ್ತಲು ಕಲಿತ.

ಹಾಗಾದರೆ ಇಷ್ಟೆಲ್ಲ ಯಾಕೆ, ಒಂದು ಹೊಸ ಟಿವಿ ತಗೊಳ್ಳಬಾರದಿತ್ತಾ ಅಂತ ಮಗ ಫೋನಿನಲ್ಲಿ ಕೇಳಿದ. ಬರೀ ಆಟಕ್ಕಾದರೆ ಮೇಷ್ಟ್ರೂ ಅದನ್ನೇ ಹೇಳಿದರು, ಒಂದು ಹಳೇ ಎಲ್‌ಇಡಿ ನೋಡಿ ಅಂತ. ಹುಡುಗ ಇರುವುದು ಹದಿನೈದು ದಿನ. ಅಷ್ಟಕ್ಕೆ ಚೆನ್ನಾಗಿರುವ ಟಿವಿಯನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ. ನಿಮ್ಮ ಬರಹದಲ್ಲಿ ಸಾಗಹಾಕಿ ಅಂದರೇ ಹೊರತು ಎಲ್ಲಿಗೆ, ಹೇಗೆ ಅಂತ ಬರೆದಿರಲಿಲ್ಲ. ಇದರ ಗಾಜಿನಲ್ಲಿ ಸೀಸ ಇದೆ. ತಾಮ್ರದ ಆಸೆಗೆ ಒಡೆದು ಗಾಜನ್ನು ನಾಲೆ ಬದಿಗೆ ಸುರಿದರೆ ಆ ಸೀಸ ಮಣ್ಣಿಗೆ ಸೇರುತ್ತದೆ. ಇ-ತ್ಯಾಜ್ಯಕ್ಕೆ ಅಂತಲೇ 2022ರ ನಿಯಮ ಇದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೊಡುವುದಾದರೆ ನೋಂದಾಯಿತ ಕಡೆಗೇ ಕೊಡಬೇಕು. ಇನ್ನು ಮನೆಯಲ್ಲೇ ಸ್ಕ್ರೂ ಬಿಚ್ಚಿ ನೋಡೋಣ ಅನ್ನುವವರಿಗೆ ಮೇಷ್ಟ್ರ ಮಾತು ತಲುಪಿಸುತ್ತೇನೆ. ಬಣ್ಣದ ಟಿವಿಯ ಕೊಳವೆಗೆ 20,000 ವೋಲ್ಟಿಗೂ ಮೇಲೆ ಕರೆಂಟ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ಬೆನ್ನಿನ ಮುಚ್ಚಳ ತೆಗೆಯಬೇಡಿ.

ಈಗ ಆ ಎರಡು ಅಂಗಡಿಯ ವಿಚಾರ. ನಮ್ಮ ಎದುರು ಮನೆಯ ಹುಡುಗಿ ಎಲ್‌ಎಲ್‌ಬಿ ಓದುತ್ತಿದ್ದಾಳೆ. ಅವಳು ಪುಸ್ತಕ ತೆಗೆದು ತೋರಿಸಿದಳು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್ ಕೊಡದೆ ಮಾರುವುದೇ ತಪ್ಪು ವ್ಯಾಪಾರ. ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದೆ ಇರುವುದೂ ತಪ್ಪು. ಗೋಡೆಗೆ ಬೋರ್ಡ್ ಬರೆಸಿದ ಮಾತ್ರಕ್ಕೆ ಕಾಯ್ದೆ ಹೋಗುವುದಿಲ್ಲ. ಗ್ರಾಹಕರ ಸಹಾಯವಾಣಿ 1915. ನಾನು ಎರಡೂ ಕಡೆ ಬಿಲ್ ಕೇಳಿರಲಿಲ್ಲ. 31 ವರ್ಷ "ಟಿಕೆಟ್ ತಗೊಳ್ಳಿ, ಟಿಕೆಟ್ ತಗೊಳ್ಳಿ" ಅಂತ ಊರವರಿಗೆಲ್ಲ ಹೇಳಿದವನು ನಾನೇ ಟಿಕೆಟ್ ಇಲ್ಲದೆ ಬಂದಿದ್ದೆ. ಅದು ನನ್ನ ತಪ್ಪು.

ಪ್ಯಾಕೆಟ್ ಮೇಲಿನ ಅಕ್ಷರದ ವಿಚಾರಕ್ಕೂ ನಿಯಮ ಇದೆ. ಪೊಟ್ಟಣದಲ್ಲಿ ಮಾರುವ ಸಾಮಾನಿನ ಮೇಲೆ ತಯಾರಿಸಿದವರ ಇಲ್ಲವೇ ಆಮದು ಮಾಡಿದವರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರ್ ಇರಬೇಕು. 2011ರ ನಿಯಮ. ನನ್ನ ಮೊದಲನೇ ವೈರಿನ ಪ್ಯಾಕೆಟ್ ಮೇಲೆ ಇದ್ಯಾವುದೂ ಇರಲಿಲ್ಲ, ಒಂದು ಹೊಳೆಯುವ ನಕ್ಷತ್ರ ಇತ್ತು. ಆ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು ಅನ್ನುತ್ತದೆ ನಿಯಮ. ಜೊತೆಗೆ ಬೇರೆ ಭಾಷೆಯಲ್ಲೂ ಹಾಕಬಹುದು, ಅಡ್ಡಿ ಇಲ್ಲ. ಅಡ್ಡಿ ಇಲ್ಲ ಅಂದ ಮೇಲೆ ಹಾಕಲು ಏನು ಕಷ್ಟ? ಎಲ್ಲೋ ದೂರದಲ್ಲಿ ತಯಾರಿಸುವವರನ್ನು ನಾನು ಕೇಳುತ್ತಿಲ್ಲ. ಮಂಡ್ಯದ ಅಂಗಡಿಯವರನ್ನು ಕೇಳುತ್ತಿದ್ದೇನೆ. ಒಂದು ಬಿಳಿ ಚೀಟಿ ಅಂಟಿಸಿ, ಪೆನ್ನಿನಲ್ಲಿ ಬರೆಯಿರಿ: ಹೊಸ ಸಾಮಾನಿನಿಂದ ಹಳೇ ಟಿವಿಗೆ. ಇಲ್ಲವೇ ಹಳೇ ಸಾಮಾನಿನಿಂದ ಹೊಸ ಟಿವಿಗೆ. ಅದೂ ಆಗದಿದ್ದರೆ ಕೊಡುವ ಮುಂಚೆ ಒಂದು ಮಾತು ಕೇಳಿ, "ಟಿವಿ ಯಾವುದು ಯಜಮಾನ್ರೇ, ಹಳೇದಾ ಹೊಸದಾ?" ಅಂತ. ಬಸ್ಸು ಹತ್ತುವವರನ್ನು ನಾವು ಎಲ್ಲಿಗೆ ಅಂತ ಕೇಳದೆ ಟಿಕೆಟ್ ಹರಿಯುತ್ತಿದ್ದೆವಾ?

ಮೊಮ್ಮಗ ರಜೆ ಮುಗಿಸಿ ಹೋದ. ಡಬ್ಬಿಯನ್ನು ಇಲ್ಲೇ ಬಿಟ್ಟಿದ್ದಾನೆ, ಬೇಸಿಗೆಗೆ ಬೇಕು ಅಂತ. ನಾನು ಎರಡು ಡಬ್ಬಿಗೂ ಚೀಟಿ ಅಂಟಿಸಿ ಬೋರ್ಡ್ ಬರೆದಿದ್ದೇನೆ. ತಪ್ಪಿ ತಂದಿದ್ದ ಆ 450ರ ಡಬ್ಬಿಯ ಚೀಟಿ ಓದಿ ಪಕ್ಕದ ಮನೆಯವರು, "ಇದು ನಮ್ಮ ಹಳೇ ವಿಸಿಆರ್‌ಗೆ ಆಗುತ್ತಲ್ವಾ ಅಣ್ಣಾ?" ಅಂದರು. ಅವರ ಮದುವೆ ಕ್ಯಾಸೆಟ್ ನೋಡದೆ ಬಹಳ ವರ್ಷವಾಗಿತ್ತಂತೆ. ಅವರ ಎಲ್‌ಇಡಿಗೆ ಸೇರಿಸಿಕೊಟ್ಟೆ, ಮೊದಲನೇ ಸಲಕ್ಕೇ ಬಂತು. ನಾದಸ್ವರ ಇನ್ನೂ ಕೇಳಿಸುತ್ತಿದೆ, ಡಬ್ಬಿ ವಾಪಸ್ ಬಂದಿಲ್ಲ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಕಂಡಕ್ಟರ್
ಕಲ್ಲಹಳ್ಳಿ, ಮಂಡ್ಯ